ಹೊಸ ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್, ಥಂಡರ್‌ಬರ್ಡ್ ಡೀಫಾಲ್ಟ್ ಆಗ್ತಾನೇ ಇಲ್ಲ, ಏನು ಮಾಡ್ಲಿ?

ಘಟ್ಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಯಾಣದ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ರೂಮ್ ಬುಕಿಂಗ್, ಕಾಳುಮೆಣಸು-ಏಲಕ್ಕಿ ಗಿರಾಕಿಗಳ ವ್ಯವಹಾರ, ಬಿಲ್ಲು ಎಲ್ಲ ನಡೆಯೋದು ಇಮೇಲ್‌ನಲ್ಲೇ. ಇಷ್ಟು ದಿನ ಇದ್ದದ್ದು ವಿಂಡೋಸ್ 10ರ ಡೆಸ್ಕ್‌ಟಾಪ್, ಅದರಲ್ಲಿ ಬ್ರೌಸರ್ ಫೈರ್‌ಫಾಕ್ಸ್, ಮೇಲ್‌ಗೆ ಥಂಡರ್‌ಬರ್ಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು ಅಂತ ಹೊಸ ಲ್ಯಾಪ್‌ಟಾಪ್ ತಗೊಂಡೆ. ವಿಂಡೋಸ್ 11 ಹಾಕಿಯೇ ಬಂದಿದೆ.

ಈಗ ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಲಿಂಕ್ ಕಳಿಸಿದ್ರೆ ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರ್ ತೆರೀತದೆ. ಯಾವುದೋ ಪೇಜಿನಲ್ಲಿ ಇಮೇಲ್ ವಿಳಾಸ ಒತ್ತಿದ್ರೆ ಔಟ್‌ಲುಕ್ ಎದ್ದು ಬಂದು ಲಾಗಿನ್ ಆಗಿ ಅಂತದೆ. ಫೈರ್‌ಫಾಕ್ಸ್‌ನಲ್ಲಿ ‘ಮೇಕ್ ಡೀಫಾಲ್ಟ್’ (ಯಾವಾಗಲೂ ಇದೇ ತೆರೆಯಲಿ ಅಂತ) ಒತ್ತಿದೆ, ಸೆಟ್ಟಿಂಗ್ಸ್ ವಿಂಡೋ ತೆರೆದು ಸುಮ್ಮನಾಯ್ತು. ಹಳೇ ಮೇಲ್ ಎಲ್ಲ ಡೆಸ್ಕ್‌ಟಾಪ್‌ನಲ್ಲೇ ಇದೆ, ಅದೂ ಇಲ್ಲಿಗೆ ಬರಬೇಕು. ಜೂನ್ ಬಂತು ಅಂದ್ರೆ ನಮ್ಮಲ್ಲಿ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಅಷ್ಟರೊಳಗೆ ಸರಿ ಆಗಬೇಕು. ಬಲ್ಲವರು ಹೇಳಿ.

ಕಾಳಿತೀರ (ಕಾರವಾರ)

ಮೊದಲು ಒಂದು ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್ ತೆರೆದು ಅಲ್ಲಿ ‘ಎಸ್ ಮೋಡ್’ ಅಂತ ಇದೆಯಾ? ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪ್ ಎಸ್ ಮೋಡ್‌ನಲ್ಲೇ ಬರ್ತವೆ. ಅದರಲ್ಲಿ ಎಡ್ಜ್ ಬಿಟ್ಟು ಬೇರೆ ಡೀಫಾಲ್ಟ್ ಬ್ರೌಸರ್ ಇಡಲಿಕ್ಕೇ ಬರೋದಿಲ್ಲ. ಹೊರಗೆ ಬರೋದು ಉಚಿತ, ಆದರೆ ಒಮ್ಮೆ ಬಂದ್ರೆ ವಾಪಸ್ ಹೋಗೋ ಹಾಗಿಲ್ಲ. ಹೋಗೋ ಅಗತ್ಯವೂ ಇಲ್ಲ ಬಿಡಿ.

ಘಟ್ಟದಮನೆ (ಶಿರಸಿ)

ಎಸ್ ಮೋಡ್ ಇಲ್ಲ. ವಿಂಡೋಸ್ 11 ಹೋಮ್ ಅಂತ ಮಾತ್ರ ಇದ್ದು.

ಕಾಳಿತೀರ (ಕಾರವಾರ)

ಹಾಗಾದ್ರೆ ಸುಲಭ. ನಮ್ಮ ಅಂಗಡಿಗೆ ವಾರಕ್ಕೊಬ್ಬರಾದರೂ ಇದೇ ದೂರು ಹಿಡಿದು ಬರ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೇನೆ.

ಎಲ್ಲರೂ ಅಂದುಕೊಳ್ಳೋದು ಡೀಫಾಲ್ಟ್ ಬ್ರೌಸರ್ ಅಂದ್ರೆ ಒಂದು ಸ್ವಿಚ್, ಒತ್ತಿದ್ರೆ ಮುಗೀತು ಅಂತ. ವಿಂಡೋಸ್ ಒಳಗೆ ಅಂಥ ಸ್ವಿಚ್ ಇಲ್ಲ. ಒಂದು ದೊಡ್ಡ ಪಟ್ಟಿ ಇದೆ. ಎಚ್‌ಟಿಟಿಪಿ (ವೆಬ್ ವಿಳಾಸದ) ಲಿಂಕ್ ಬಂದ್ರೆ ಯಾರು ತೆರೀಬೇಕು, ಎಚ್‌ಟಿಟಿಪಿಎಸ್ ಬಂದ್ರೆ ಯಾರು, ಎಚ್‌ಟಿಎಂಎಲ್ (ವೆಬ್ ಪುಟದ) ಫೈಲ್ ಯಾರದ್ದು, ಪಿಡಿಎಫ್ ಯಾರದ್ದು, ಮೇಲ್‌ಟೂ (ಇಮೇಲ್ ವಿಳಾಸದ ಲಿಂಕ್) ಯಾರದ್ದು, ಹೀಗೆ ಒಂದೊಂದಕ್ಕೂ ಒಂದೊಂದು ಸಾಲು. ನೀವು ‘ಬ್ರೌಸರ್ ಬದಲಿಸಿದೆ’ ಅಂದಾಗ ಅದರಲ್ಲಿ ನಾಲ್ಕು ಸಾಲು ಬದಲಾಗ್ತದೆ ಅಷ್ಟೇ. ಉಳಿದದ್ದು ಮೊದಲಿನಂತೇ ಇರ್ತದೆ. ಆಮೇಲೆ ಪಿಡಿಎಫ್ ಎಡ್ಜ್‌ನಲ್ಲಿ ತೆರೆದಾಗ ‘ಅಯ್ಯೋ ಮತ್ತೆ ತಾನೇ ಬದಲಾಯ್ತು’ ಅಂತ ಫೋನ್ ಮಾಡ್ತಾರೆ. ಅದು ಬದಲಾಗಿರೋದಿಲ್ಲ, ಮೊದಲಿಂದ ಹಾಗೇ ಇತ್ತು.

ಬ್ರೌಸರ್‌ಗೆ: ಸೆಟ್ಟಿಂಗ್ಸ್ ತೆರೀರಿ, ಆ್ಯಪ್ಸ್, ಅದರಲ್ಲಿ ಡೀಫಾಲ್ಟ್ ಆ್ಯಪ್ಸ್. ಕೆಳಗೆ ಆ್ಯಪ್‌ಗಳ ಪಟ್ಟಿ ಬರ್ತದೆ, ಫೈರ್‌ಫಾಕ್ಸ್ ಒತ್ತಿ. ಮೇಲೆ ಬಲಗಡೆ ‘ಸೆಟ್ ಡೀಫಾಲ್ಟ್’ ಅಂತ ಬಟನ್ ಇರ್ತದೆ, ಅದನ್ನು ಒತ್ತಿ. ನಿಮ್ಮ ಫೈರ್‌ಫಾಕ್ಸ್ ತೆರೆದು ಕೊಟ್ಟು ಸುಮ್ಮನಾದದ್ದು ಇದೇ ಪುಟದವರೆಗೆ. ಆ ಬಟನ್ ಒತ್ತೋ ಕೆಲಸ ನಿಮ್ಮದೇ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ ಈ ಬಟನ್ ಕೂಡ ಇರಲಿಲ್ಲ, ಒಂದೊಂದೇ ಸಾಲು ಕೈಯಾರೆ ಬದಲಿಸಬೇಕಿತ್ತು. ಜನ ಬೈದ ಮೇಲೆ 2022ರ ಮಾರ್ಚ್ ಅಪ್‌ಡೇಟ್‌ನಲ್ಲಿ ಕೊಟ್ಟರು.

ಮೇಲ್‌ಗೆ: ಅದೇ ಪುಟದ ಮೇಲ್ಗಡೆ ಫೈಲ್ ಟೈಪ್ ಅಥವಾ ಲಿಂಕ್ ಟೈಪ್ ಬರೆಯೋ ಜಾಗ ಇದೆ. ಅಲ್ಲಿ ಮೇಲ್‌ಟೂ (mailto) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಈಗ ಔಟ್‌ಲುಕ್ ಅಂತ ತೋರಿಸ್ತದೆ. ಅದರ ಮೇಲೆ ಒತ್ತಿ ಥಂಡರ್‌ಬರ್ಡ್ ಆರಿಸಿ. ಪಟ್ಟಿಯಲ್ಲಿ ಥಂಡರ್‌ಬರ್ಡ್ ಕಾಣದಿದ್ದರೆ ಅದನ್ನು ಇನ್ನೂ ಇನ್‌ಸ್ಟಾಲ್ ಮಾಡಿಲ್ಲ ಅಂತ ಅರ್ಥ, ಮೊದಲು ಅದು ಆಗಲಿ. ಇಎಂಎಲ್ ಫೈಲ್‌ಗೂ ಹಾಗೇ ಮಾಡಿ, ಸೇವ್ ಮಾಡಿಟ್ಟ ಮೇಲ್ ತೆರೆಯಲಿಕ್ಕೆ ಬೇಕಾಗ್ತದೆ.

ಈ ಸೆಟ್ಟಿಂಗ್ ಆಯಾ ಯೂಸರ್‌ಗೆ ಮಾತ್ರ. ಮನೆಯವರಿಗೆ ಬೇರೆ ಲಾಗಿನ್ ಇದ್ದರೆ ಅಲ್ಲಿ ಮತ್ತೆ ಮಾಡಬೇಕು.

ಕರಿಇಶಾಡ (ಅಂಕೋಲಾ)

ನನ್ನ ಸಿಟ್ಟು ಇದೇ. ದುಡ್ಡು ಕೊಟ್ಟು ತಗೊಂಡ ಮಷಿನ್ ನಮ್ಮದು. ಯಾವ ಬ್ರೌಸರ್ ತೆರೀಬೇಕು ಅಂತ ಹೇಳಲಿಕ್ಕೆ ಇಷ್ಟೆಲ್ಲ ಸುತ್ತಬೇಕಾ? ವಿಂಡೋಸ್ 7ರಲ್ಲಿ ಫೈರ್‌ಫಾಕ್ಸ್ ಕೇಳ್ತಿತ್ತು, ಹೌದು ಅಂದ್ರೆ ಆಗ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅಪ್‌ಗ್ರೇಡ್ ಮಾಡಿದವರ ಡೀಫಾಲ್ಟ್ ಎಡ್ಜ್‌ಗೆ ಹೋಗ್ತಿತ್ತು. ಆಗ ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾದ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರವನ್ನೇ ಬರೆದಿದ್ದರು. ಹತ್ತು ವರ್ಷ ಕಳೀತು, ಪರಿಸ್ಥಿತಿ ಇನ್ನೂ ಬಿಗಿ ಆಯ್ತು.

ಯುರೋಪಿನವರು ಸುಮ್ಮನೆ ಕೂರಲಿಲ್ಲ. 2010ರಲ್ಲಿ ಅಲ್ಲಿಯ ವಿಂಡೋಸ್‌ನಲ್ಲಿ ‘ಯಾವ ಬ್ರೌಸರ್ ಬೇಕು, ಆರಿಸಿಕೊಳ್ಳಿ’ ಅಂತ ಪರದೆ ತೋರಿಸೋ ಹಾಗೆ ಮಾಡಿದರು. ಆಮೇಲೆ ವಿಂಡೋಸ್ 7ರ ಸರ್ವಿಸ್ ಪ್ಯಾಕ್ 1ರಲ್ಲಿ ಆ ಪರದೆ ಕಾಣೆ ಆಯ್ತು. 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯುರೋ ದಂಡ ಬಿತ್ತು! ನಮ್ಮಲ್ಲಿ ಕೇಳೋರು ಯಾರು?

ಕಾಳಿತೀರ (ಕಾರವಾರ)

ಅರ್ಧ ಒಪ್ತೇನೆ. ಇನ್ನರ್ಧಕ್ಕೆ ಕಾರಣ ಇದೆ. ವಿಂಡೋಸ್ 7ರ ಕಾಲದಲ್ಲಿ ಫೈರ್‌ಫಾಕ್ಸ್ ಒಂದೇ ಅಲ್ಲ, ಯಾವ ಕಸದ ಟೂಲ್‌ಬಾರ್ ಬೇಕಾದರೂ ಹೋಗಿ ಡೀಫಾಲ್ಟ್ ಬದಲಿಸಬಹುದಿತ್ತು. ಉಚಿತ ವಿಡಿಯೋ ಪ್ಲೇಯರ್ ಹಾಕಲಿಕ್ಕೆ ಹೋಗಿ ಯಾವುದೋ ಹೆಸರಿಲ್ಲದ ಬ್ರೌಸರ್ ಬಂದು ಕೂತಿದ್ದು ನೆನಪಿಲ್ಲವಾ? ಅದಕ್ಕೇ ವಿಂಡೋಸ್ 8ರಿಂದ ಆ ಪಟ್ಟಿಯ ಒಂದೊಂದು ಸಾಲಿಗೂ ಲೆಕ್ಕ ಹಾಕಿದ ಗುರುತು ಸೇರಿಸಿದರು. ಗುರುತು ತಾಳೆ ಆಗದಿದ್ದರೆ ವಿಂಡೋಸ್ ಆ ಬದಲಾವಣೆ ಒಪ್ಪೋದಿಲ್ಲ. ಮೊಜಿಲ್ಲಾದವರು 2021ರಲ್ಲಿ ಆ ಲೆಕ್ಕ ಬಿಡಿಸಿ ಒಂದೇ ಒತ್ತಿಗೆ ಡೀಫಾಲ್ಟ್ ಆಗೋ ದಾರಿ ಮಾಡಿಕೊಂಡರು. 2024ರ ಹೊತ್ತಿಗೆ ಮೈಕ್ರೋಸಾಫ್ಟ್ ಒಂದು ಡ್ರೈವರ್ ಹಾಕಿ ಆ ಸಾಲುಗಳನ್ನು ಹೊರಗಿನ ಪ್ರೋಗ್ರಾಂ ಮುಟ್ಟದ ಹಾಗೆ ಮಾಡಿತು. ಹಾಗಾಗಿ ಇಂಟರ್ನೆಟ್‌ನಲ್ಲಿ ಸಿಗೋ ಹಳೇ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡೋ ಜಾಗ) ಉಪಾಯ ಯಾವುದೂ ಈಗ ನಂಬೋ ಹಾಗಿಲ್ಲ. ಸೆಟ್ಟಿಂಗ್ಸ್ ಮೂಲಕವೇ ಹೋಗಿ.

ಬೀಗ ಹಾಕಿದ್ದು ಸರಿ. ಕೀಲಿ ಎಡ್ಜ್ ಹತ್ರ ಮಾತ್ರ ಇದೆ ಅನ್ನೋದು ನಿಮ್ಮ ಸಿಟ್ಟು, ಅದೂ ಸರಿ.

ಅಘನಾಶಿನಿ (ಕುಮಟಾ)

ನನಗೆ ಒಂದು ಅರ್ಥ ಆಗೋದಿಲ್ಲ. ಈ ಕಾಲದಲ್ಲಿ ಮೇಲ್‌ಗೆ ಬೇರೆ ಪ್ರೋಗ್ರಾಂ ಎಂತಕ್ಕೆ? ಜಿಮೇಲ್ ಬ್ರೌಸರ್‌ನಲ್ಲೇ ತೆರೀತದೆ. ಲ್ಯಾಪ್‌ಟಾಪ್ ಹೊಳೆಗೆ ಬಿದ್ರೂ ಮೇಲ್ ಇರ್ತದೆ. ಕ್ರೋಮ್‌ನಲ್ಲಿ ಜಿಮೇಲ್ ತೆರೆದಾಗ ವಿಳಾಸ ಟೈಪ್ ಮಾಡೋ ಪಟ್ಟಿಯ ಬಲಗಡೆ ಎರಡು ಡೈಮಂಡ್ ಜೋಡಿಸಿದಂಥ ಸಣ್ಣ ಐಕಾನ್ ಬರ್ತದೆ, ಅದನ್ನು ಒತ್ತಿ ಅಲೋ ಕೊಡಿ. ಆಮೇಲೆ ವಿಂಡೋಸ್‌ನಲ್ಲಿ ಮೇಲ್‌ಟೂ ಸಾಲಿಗೆ ಕ್ರೋಮ್ ಆರಿಸಿ. ಇಮೇಲ್ ವಿಳಾಸ ಒತ್ತಿದ್ರೆ ಸೀದಾ ಜಿಮೇಲ್‌ನ ಕಂಪೋಸ್ ತೆರೀತದೆ. ಫೈರ್‌ಫಾಕ್ಸ್‌ನಲ್ಲೂ ಆಗ್ತದೆ: ಸೆಟ್ಟಿಂಗ್ಸ್, ಜನರಲ್, ಅಪ್ಲಿಕೇಶನ್ಸ್, ಅಲ್ಲಿ ಮೇಲ್‌ಟೂ ಎದುರು ‘ಯೂಸ್ ಜಿಮೇಲ್’. ನಾನು ಹೀಗೇ ಮಾಡಿಕೊಂಡಿದ್ದೇನೆ, ಯಾವ ತಕರಾರೂ ಇಲ್ಲ.

ಮಳೆಬೆಳೆ (ಸಿದ್ದಾಪುರ)

ಕುಮಟಾದಲ್ಲಿ ಕೂತು ಹೇಳೋದು ಸುಲಭ ಮಾರಾಯ್ರೆ, ನಿಮಗೆ ಹೈವೇ ಪಕ್ಕ ಫೈಬರ್ ಇದೆ. ನಮ್ಮ ಕಡೆ ಒಂದು ಮರ ಬಿದ್ದರೆ ಮೂರು ಊರಿಗೆ ನೆಟ್ ಇಲ್ಲ. ಗುಡ್ಡ ಹತ್ತಿ ಮೊಬೈಲ್ ಸಿಗ್ನಲ್ ಹಿಡಿದು, ಹಾಟ್‌ಸ್ಪಾಟ್ ಮಾಡಿ, ಹತ್ತು ನಿಮಿಷ ಸಿಕ್ಕಿದ್ರೆ ಅಷ್ಟರಲ್ಲಿ ಮೇಲ್ ಎಲ್ಲ ಇಳಿಸಿಕೊಂಡು ಮನೆಗೆ ಬಂದು ಓದಿ ಉತ್ತರ ಬರೆದಿಡಬೇಕು. ಮತ್ತೆ ಸಿಗ್ನಲ್ ಸಿಕ್ಕಾಗ ಹೋಗ್ತದೆ. ಅದಕ್ಕೆ ಥಂಡರ್‌ಬರ್ಡ್ ಬಿಟ್ಟರೆ ನನಗೆ ಗತಿ ಇಲ್ಲ.

ಘಟ್ಟದಮನೆಯವರೇ, ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ರೊನೈಸೇಶನ್ ಆ್ಯಂಡ್ ಸ್ಟೋರೇಜ್’ ಅಂತ ಇದೆ. ಅಲ್ಲಿ ಮೇಲ್‌ಗಳನ್ನು ಈ ಕಂಪ್ಯೂಟರ್‌ನಲ್ಲಿ ಇಟ್ಟುಕೊ ಅನ್ನೋದಕ್ಕೆ ಟಿಕ್ ಹಾಕಿ. ಎಲ್ಲಾ ಹಳೇದೂ ಬೇಡ ಅಂದ್ರೆ ಇತ್ತೀಚಿನ ಇಷ್ಟು ದಿನದ್ದು ಮಾತ್ರ ಅಂತ ಹೇಳಬಹುದು. ಇಂತಿಷ್ಟು ಕೆಬಿಗಿಂತ ದೊಡ್ಡದನ್ನು ಇಳಿಸಬೇಡ ಅನ್ನೋದೂ ಅಲ್ಲೇ ಇದೆ. ಮಳೆಗಾಲದಲ್ಲಿ ಅದನ್ನು ಹಾಕಿಡ್ತೇನೆ. ಇಲ್ಲದಿದ್ರೆ ಯಾರೋ ಮದುವೆ ಫೋಟೋ ಕಳಿಸಿ, ಸಿಕ್ಕಿದ ಹತ್ತು ನಿಮಿಷ ಅದಕ್ಕೇ ಹೋಗಿ, ಬೇಕಾದ ಆರ್ಡರ್ ಮೇಲ್ ಹಿಂದೆ ಉಳೀತದೆ.

ಅಘನಾಶಿನಿ (ಕುಮಟಾ)

ಜಿಮೇಲ್‌ಗೂ ಆಫ್‌ಲೈನ್ ಇದೆ. ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಅಂತ ಟ್ಯಾಬ್, 7, 30 ಅಥವಾ 90 ದಿನದ್ದು ಇಟ್ಟುಕೊಳ್ಳಬಹುದು.

ಮಳೆಬೆಳೆ (ಸಿದ್ದಾಪುರ)

90 ದಿನ. ಅಡಿಕೆ ವ್ಯಾಪಾರದಲ್ಲಿ ಹಿಂದಿನ ವರ್ಷ ಇದೇ ಹೊತ್ತಿಗೆ ಯಾವ ದರಕ್ಕೆ ಮಾತಾಗಿತ್ತು ಅಂತ ನೋಡಬೇಕಾಗ್ತದೆ. ಆಗ ಏನು ಮಾಡ್ಲಿ, ಗುಡ್ಡ ಹತ್ಲಾ?

ಅಘನಾಶಿನಿ (ಕುಮಟಾ)

ಸರಿ, ನಿಮ್ಮ ಊರಿಗೆ ನಿಮ್ಮದೇ ಸರಿ. ಅಡ್ಡಿಲ್ಲ.

ಲೆಕ್ಕದಪುಸ್ತಕ (ಕಾರವಾರ)

ಯಾರೂ ಹೇಳದ ಒಂದು ಮುಖ್ಯ ಮಾತು. ಎಡ್ಜ್ ಮೇಲೆ ಸಿಟ್ಟು ಬಂದು ಅದನ್ನು ಕಿತ್ತು ಹಾಕೋ ಟೂಲ್ ಹುಡುಕಬೇಡಿ. ನಮ್ಮದು ತೆರಿಗೆ ಫೈಲ್ ಮಾಡೋ ಕೆಲಸ. ಒಂದೆರಡು ಹಳೇ ಇಲಾಖಾ ಪುಟ ಇವತ್ತಿಗೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಯದರಲ್ಲಿ ಸರಿಯಾಗಿ ಬರೋದಿಲ್ಲ. ಎಕ್ಸ್‌ಪ್ಲೋರರ್ 11 ಅನ್ನು 2022ರ ಜೂನ್ 15ಕ್ಕೇ ನಿವೃತ್ತಿ ಮಾಡಿಯಾಯ್ತು. ಈಗ ಉಳಿದದ್ದು ಎಡ್ಜ್ ಒಳಗಿನ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಮಾತ್ರ, ಅದನ್ನು ಕನಿಷ್ಠ 2029ರವರೆಗೆ ಇಡ್ತೇವೆ ಅಂದಿದ್ದಾರೆ.

ಎಡ್ಜ್ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಬ್ರೌಸರ್’ ಅನ್ನೋ ಪುಟಕ್ಕೆ ಹೋಗಿ, ಐಇ ಮೋಡ್‌ಗೆ ಅನುಮತಿ ಕೊಟ್ಟು, ಆ ಪುಟದ ವಿಳಾಸ ಪಟ್ಟಿಗೆ ಸೇರಿಸಿ. ಹಾಗೆ ಸೇರಿಸಿದ್ದು 30 ದಿನ ಮಾತ್ರ ಇರ್ತದೆ. ಆಮೇಲೆ ಒಂದು ದಿನ ಬೆಳಗ್ಗೆ ಪುಟ ಅರ್ಧಂಬರ್ಧ ಬರ್ತದೆ, ಸಹಿ ಮಾಡೋ ಬಟನ್ ಮಾಯ. ರಿಟರ್ನ್‌ನ ಕೊನೇ ದಿನವೇ ಹೀಗಾದರೆ ಆಫೀಸಿನಲ್ಲಿ ಎಲ್ಲರ ಬಿಪಿ ಏರ್ತದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟು ಮತ್ತೆ ಸೇರಿಸಿಕೊಳ್ಳಿ.

ಹಾಗೇ ಪಿಡಿಎಫ್ ಸಾಲಿಗೆ ಬ್ರೌಸರ್ ಇಡಬೇಡಿ, ಅಡೋಬಿ ರೀಡರ್ ಇಡಿ. ಇ-ಆಧಾರ್‌ನಂಥ ಡಿಜಿಟಲ್ ಸಹಿ ಇರೋ ಪಿಡಿಎಫ್ ಬ್ರೌಸರ್‌ನಲ್ಲಿ ತೆರೆದ್ರೆ ಓದಲಿಕ್ಕೆ ಬರ್ತದೆ, ಸಹಿ ಸರಿ ಇದೆಯಾ ಅಂತ ಪರಿಶೀಲಿಸಲಿಕ್ಕೆ ಹೆಚ್ಚಿನ ಬ್ರೌಸರ್‌ನಲ್ಲಿ ಬರೋದಿಲ್ಲ. ರೀಡರ್‌ನಲ್ಲಿ ತೆರೆದು ಆ ಹಳದಿ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರಿಶೀಲಿಸಿದರೇ ಹಸಿರು ಟಿಕ್.

ಘಟ್ಟದಮನೆ (ಶಿರಸಿ)

ಎಲ್ಲರಿಗೂ ಧನ್ಯವಾದ. ಬ್ರೌಸರ್ ಆತು! ವಾಟ್ಸ್‌ಆ್ಯಪ್ ಲಿಂಕ್ ಈಗ ಫೈರ್‌ಫಾಕ್ಸ್‌ನಲ್ಲೇ ತೆರೀತಾ ಇದ್ದು. ಆದ್ರೆ ಕೆಳಗಡೆ ಸ್ಟಾರ್ಟ್ ಪಕ್ಕದ ಸರ್ಚ್‌ನಲ್ಲಿ ಏನಾದರೂ ಹುಡುಕಿದ್ರೆ ಎಡ್ಜೇ ಬತ್ತು. ಇದಕ್ಕೆ ಯಾವ ಸಾಲು ಬದಲಿಸಬೇಕು?

ಕಾಳಿತೀರ (ಕಾರವಾರ)

ಅದಕ್ಕೆ ಸಾಲಿಲ್ಲ. ಸ್ಟಾರ್ಟ್ ಸರ್ಚ್ ಮತ್ತು ವಿಜೆಟ್ಸ್‌ನ ಲಿಂಕ್ ಸಾಧಾರಣ ಎಚ್‌ಟಿಟಿಪಿಎಸ್ ಲಿಂಕ್ ಅಲ್ಲ, ಎಡ್ಜ್ ಹೆಸರನ್ನೇ ಹಣೆಗೆ ಬರೆದುಕೊಂಡ ಬೇರೆ ಥರದ ಲಿಂಕ್. ಡೀಫಾಲ್ಟ್ ಯಾವುದು ಅಂತ ಅದು ಕೇಳೋದೇ ಇಲ್ಲ. ಅದನ್ನು ಹಿಡಿದು ತಿರುಗಿಸೋ ಎಡ್ಜ್‌ಡಿಫ್ಲೆಕ್ಟರ್ ಅನ್ನೋ ಸಣ್ಣ ಟೂಲ್ ಇತ್ತು, 2021ರ ಕೊನೆಗೆ ಮೈಕ್ರೋಸಾಫ್ಟ್ ಅದರ ದಾರಿ ಮುಚ್ಚಿತು. ಯುರೋಪಿನಲ್ಲಿ ಮಾತ್ರ ಹೊಸ ಕಾನೂನಿನಿಂದಾಗಿ ಅಲ್ಲಿಯ ಬಳಕೆದಾರರ ಡೀಫಾಲ್ಟ್‌ಗೆ ಮರ್ಯಾದೆ ಕೊಡ್ತಾರೆ. ಕರಿಇಶಾಡ ಹೇಳಿದ್ದು ಈ ವಿಷಯದಲ್ಲಿ ನೂರಕ್ಕೆ ನೂರು ನಿಜ. ನನ್ನ ಸಲಹೆ, ಸ್ಟಾರ್ಟ್ ಸರ್ಚ್ ಅನ್ನು ಪ್ರೋಗ್ರಾಂ ಹುಡುಕಲಿಕ್ಕೆ ಮಾತ್ರ ಬಳಸಿ. ವ್ಯವಹಾರದ ಮಷಿನ್ ಮೇಲೆ ಯಾರೋ ಬರೆದ ತಿರುಗಿಸೋ ಟೂಲ್ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಬಲೆ ಇದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ತುಂಬ ‘ನಿಮ್ಮ ಸಾಧನದ ಸೆಟಪ್ ಮುಗಿಸೋಣ’ ಅಂತ ಬರ್ತದೆ. ಅದರಲ್ಲಿ ‘ಶಿಫಾರಸು ಮಾಡಿದ ಬ್ರೌಸರ್ ಸೆಟ್ಟಿಂಗ್ಸ್ ಬಳಸಿ’ ಅನ್ನೋದು ಮೊದಲೇ ಆರಿಸಿದ ಹಾಗೆ ಕಾಣ್ತದೆ. ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ರೆ ಎಡ್ಜ್ ವಾಪಸ್. ‘ತಾನೇ ಬದಲಾಯ್ತು’ ಅಂತ ಬರೋ ಹೆಚ್ಚಿನವರ ಕಥೆ ಇದೇ. ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಶನ್ಸ್, ಕೆಳಗೆ ಅಡಿಶನಲ್ ಸೆಟ್ಟಿಂಗ್ಸ್, ಅಲ್ಲಿ ಇರೋ ಟಿಕ್ ಎಲ್ಲ ತೆಗೆದುಬಿಡಿ. ಪೀಡೆ ಹೋಗ್ತದೆ.

ಘಟ್ಟದಮನೆ (ಶಿರಸಿ)

ತೆಗೆದೆ. ಇನ್ನು ಹಳೇ ಮೇಲ್?

ಕಾಳಿತೀರ (ಕಾರವಾರ)

ಇಲ್ಲಿ ಅವಸರ ಬೇಡ. ಡೀಫಾಲ್ಟ್ ಬದಲಿಸಿದ ಮಾತ್ರಕ್ಕೆ ಒಂದು ಮೇಲೂ ಆಚೆಯಿಂದ ಈಚೆಗೆ ಬರೋದಿಲ್ಲ. ಹಳೇ ಮಷಿನ್‌ನ ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್ ತೆರೆದು ಸರ್ವರ್ ಟೈಪ್ ನೋಡಿ. ಐಮ್ಯಾಪ್ ಅಂತ ಇದ್ದರೆ ಮೇಲ್ ಎಲ್ಲ ಸರ್ವರ್ ಮೇಲಿದೆ, ಹೊಸದರಲ್ಲಿ ಖಾತೆ ಹಾಕಿದ್ರೆ ತಾನೇ ಇಳೀತದೆ. ಪಾಪ್ ಅಂತ ಇದ್ದರೆ ಹುಷಾರು. ಪಾಪ್ ಮೇಲ್ ಇಳಿಸಿಕೊಂಡ ಮೇಲೆ ಸರ್ವರ್‌ನಿಂದ ಅಳಿಸಿರಬಹುದು, ಆಗ ನಿಮ್ಮ ವರ್ಷಗಟ್ಟಲೆ ಮೇಲ್ ಇರೋದು ಆ ಡೆಸ್ಕ್‌ಟಾಪ್‌ನ ಡಿಸ್ಕ್‌ನಲ್ಲಿ ಮಾತ್ರ. ಗುಜರಿಗೆ ಹಾಕೋದು, ಫಾರ್ಮ್ಯಾಟ್ ಮಾಡೋದು ಎಲ್ಲ ಆಮೇಲೆ.

ಘಟ್ಟದಮನೆ (ಶಿರಸಿ)

ಎರಡು ಖಾತೆ. ಜಿಮೇಲ್ ಐಮ್ಯಾಪ್. ಹೋಂಸ್ಟೇ ಹೆಸರಿನ ಡೊಮೇನ್ ಖಾತೆ ಪಾಪ್.

ಕಾಳಿತೀರ (ಕಾರವಾರ)

ಹಾಗಾದ್ರೆ ಪ್ರೊಫೈಲ್ (ಮೇಲ್, ಖಾತೆ, ಸೆಟ್ಟಿಂಗ್ ಎಲ್ಲ ಇರೋ ಫೋಲ್ಡರ್) ಪೂರ್ತಿ ತಗೊಂಡು ಹೋಗಿ. ಎರಡೂ ಮಷಿನ್‌ನಲ್ಲಿ ಥಂಡರ್‌ಬರ್ಡ್‌ನ ಇತ್ತೀಚಿನ ಆವೃತ್ತಿ ಇರಲಿ. ಹಳೆಯದರಲ್ಲಿ ಹೆಲ್ಪ್ ಮೆನು, ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್, ಅಲ್ಲಿ ‘ಪ್ರೊಫೈಲ್ ಫೋಲ್ಡರ್’ ಎದುರು ‘ಓಪನ್ ಫೋಲ್ಡರ್’ ಒತ್ತಿ. ಫೋಲ್ಡರ್ ಕಂಡ ಮೇಲೆ ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆಮೇಲೆ ಆ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ತೆರೆದಿದ್ದಾಗ ಕಾಪಿ ಮಾಡಿದ್ರೆ ಕೆಲವು ಫೈಲ್ ಅರ್ಧ ಬರ್ತದೆ. ಹೊಸದರಲ್ಲಿ ಥಂಡರ್‌ಬರ್ಡ್‌ಗೆ ಖಾತೆ ಹಾಕೋದಕ್ಕಿಂತ ಮೊದಲೇ ಟೂಲ್ಸ್ ಮೆನುವಿನ ಇಂಪೋರ್ಟ್‌ನಲ್ಲಿ ‘ಬೇರೆ ಥಂಡರ್‌ಬರ್ಡ್‌ನಿಂದ’ ಅಂತ ಆರಿಸಿ ಆ ಫೋಲ್ಡರ್ ತೋರಿಸಿ. ಎಕ್ಸ್‌ಪೋರ್ಟ್ ಮಾಡಿ ಜಿಪ್ ತರೋ ದಾರಿಯೂ ಇದೆ, ಆದರೆ 2 ಜಿಬಿಗಿಂತ ದೊಡ್ಡದಿದ್ರೆ ಅದು ನಡೆಯೋದಿಲ್ಲ. ಫೋಟೋ, ಬಿಲ್ಲು ಸೇರಿ ನಿಮ್ಮದು ದಾಟಿಯೇ ದಾಟಿರ್ತದೆ.

ಜಿಮೇಲ್ ಖಾತೆ ಪಾಸ್‌ವರ್ಡ್ ಮತ್ತೆ ಕೇಳಬಹುದು. 2022ರ ಮೇ 30ರಿಂದ ಗೂಗಲ್ ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರೋದನ್ನು ನಿಲ್ಲಿಸಿದೆ. ಥಂಡರ್‌ಬರ್ಡ್‌ನಲ್ಲಿ ದೃಢೀಕರಣ ‘ಓಆತ್2’ ಅಂತ ಇದ್ದರೆ ಗೂಗಲ್‌ನದ್ದೇ ಲಾಗಿನ್ ವಿಂಡೋ ತೆರೀತದೆ. ಆ ವಿಂಡೋ ಬಿಳಿಯಾಗಿ ಕೂತರೆ ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಕುಕೀಸ್ ಆಫ್ ಆಗಿದೆಯಾ ನೋಡಿ.

ಗೋಕರ್ಣದಗಾಳಿ (ಗೋಕರ್ಣ)

ನಡುವೆ ಬಾಯಿ ಹಾಕ್ತಿದ್ದೇನೆ. ಔಟ್‌ಲುಕ್ ಉಚಿತವಾಗಿ ಬಂದೇ ಇದೆಯಲ್ಲ, ಅದನ್ನೇ ಬಳಸಿದ್ರೆ ಏನಾಗ್ತದೆ?

ಲೆಕ್ಕದಪುಸ್ತಕ (ಕಾರವಾರ)

ಮೊದಲಿದ್ದ ಮೇಲ್ ಆ್ಯಪ್ ಅನ್ನು 2024ರ ಕೊನೆಗೆ ನಿಲ್ಲಿಸಿ ಅದರ ಜಾಗಕ್ಕೆ ಈ ಹೊಸ ಔಟ್‌ಲುಕ್ ತಂದದ್ದು. ಬಳಸಬಹುದು. ಆದರೆ ಬೇರೆ ಕಂಪನಿಯ ಖಾತೆ ಸೇರಿಸೋವಾಗ ಬರೋ ಸೂಚನೆ ಓದಿ: ನಿಮ್ಮ ಮೇಲ್‌ನ ಪ್ರತಿ ಮೈಕ್ರೋಸಾಫ್ಟ್ ಸರ್ವರ್‌ಗೂ ಹೋಗ್ತದೆ. ನಮ್ಮ ಕಕ್ಷಿದಾರರ ಪ್ಯಾನ್, ಬ್ಯಾಂಕ್ ವಿವರ ಮೂರನೆಯವರ ಹತ್ರ ಇನ್ನೊಂದು ಪ್ರತಿ ಇರೋದು ನನಗೆ ಬೇಡ. ಮೇಲಾಗಿ ಉಚಿತ ಆವೃತ್ತಿಯಲ್ಲಿ ಇನ್‌ಬಾಕ್ಸ್ ನಡುವೆ ಜಾಹೀರಾತು.

ಕರಿಇಶಾಡ (ಅಂಕೋಲಾ)

ಮಗಳ ಮ್ಯಾಕ್‌ನಲ್ಲಿ ಬ್ರೌಸರ್ ಬದಲಿಸೋದು ಎರಡು ಒತ್ತು. ಸಿಸ್ಟಮ್ ಸೆಟ್ಟಿಂಗ್ಸ್, ಡೆಸ್ಕ್‌ಟಾಪ್ ಆ್ಯಂಡ್ ಡಾಕ್, ಡೀಫಾಲ್ಟ್ ವೆಬ್ ಬ್ರೌಸರ್. ಮೇಲ್ ಮಾತ್ರ ಅಲ್ಲೂ ವಿಚಿತ್ರ. ಬೇರೆ ಪ್ರೋಗ್ರಾಂ ಡೀಫಾಲ್ಟ್ ಮಾಡಬೇಕು ಅಂದ್ರೆ ಆ್ಯಪಲ್‌ನ ಮೇಲ್ ಆ್ಯಪ್ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು!

ಕಾಳಿತೀರ (ಕಾರವಾರ)

ನೋಡಿದ್ರಾ, ಕಳ್ಳತನ ಒಬ್ಬರದ್ದೇ ಅಲ್ಲ.

ಬನವಾಸಿಪೆಂಗ್ವಿನ್ (ಬನವಾಸಿ)

ಹಳೇ ಡೆಸ್ಕ್‌ಟಾಪ್ ಎಸೀಬೇಡಿ. ಮೇಲ್ ಕಾಪಿ ಆದ ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ಫೈರ್‌ಫಾಕ್ಸ್, ಥಂಡರ್‌ಬರ್ಡ್ ಎರಡೂ ಜೊತೆಗೇ ಬರ್ತವೆ, ‘ಪ್ರಿಫರ್ಡ್ ಅಪ್ಲಿಕೇಶನ್ಸ್’ ಅಂತ ಒಂದೇ ಕಿಟಕಿಯಲ್ಲಿ ವೆಬ್, ಮೇಲ್ ಎಲ್ಲ ಬದಲಿಸಬಹುದು. ಬಂದ ಅತಿಥಿಗಳು ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೀಲಿಕ್ಕೆ ಧಾರಾಳ ಸಾಕು.

ಘಟ್ಟದಮನೆ (ಶಿರಸಿ)

ಮೇಲ್ ಎಲ್ಲ ಬಂತು, ಪಾಪ್ ಖಾತೆದೂ ಬಂತು. ಎರಡು ಸಣ್ಣ ಪ್ರಶ್ನೆ ಉಳೀತು. ಒಂದು, ಒಂದು ಕಚೇರಿಯಿಂದ ಬಂದ ಕನ್ನಡ ಮೇಲ್ ಹೊಸದರಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಆಗಿ ಕಾಣ್ತು. ಎರಡು, ಎಕ್ಸೆಲ್ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ‘ಸೆಂಡ್ ಟು’, ‘ಮೇಲ್ ರೆಸಿಪಿಯೆಂಟ್’ ಕೊಟ್ಟರೆ ಥಂಡರ್‌ಬರ್ಡ್ ಬತ್ತಿಲ್ಲೆ. ಮೇಲ್‌ಟೂ ಬದಲಿಸಿದ್ದಿದ್ದಲ್ಲ?

ಮಳೆಬೆಳೆ (ಸಿದ್ದಾಪುರ)

ಮೊದಲನೇದು ಹಳೇ ನುಡಿ ಫಾಂಟ್‌ನಲ್ಲಿ ಬರೆದದ್ದು, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಹಳೇ ಮಷಿನ್‌ನಲ್ಲಿ ನುಡಿ ಇತ್ತು, ಹಾಗಾಗಿ ಸರಿ ಕಾಣ್ತಿತ್ತು. ಇಲ್ಲೂ ನುಡಿ ಹಾಕಿಕೊಳ್ಳಿ, ಅಥವಾ ಪಠ್ಯ ಕಾಪಿ ಮಾಡಿ ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್ ಕನ್ನಡಕ್ಕೆ ಬೇರೇನೂ ಬೇಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಇದ್ದೇ ಇದೆ. ಅಕ್ಷರ ಸಣ್ಣ ಅನಿಸಿದ್ರೆ ಥಂಡರ್‌ಬರ್ಡ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿ ಗಾತ್ರ ಏರಿಸಿ.

ಕಾಳಿತೀರ (ಕಾರವಾರ)

ಎರಡನೇದಕ್ಕೆ ನಾನು ಹೇಳಿದ ಪಟ್ಟಿ ಅನ್ವಯ ಆಗೋದಿಲ್ಲ. ಮೇಲ್‌ಟೂ ಅಂದ್ರೆ ವಿಳಾಸ ಒತ್ತಿದಾಗ ಯಾರು ಅಂತ ಮಾತ್ರ. ಫೈಲ್ ಅಂಟಿಸಿ ಕಳಿಸೋ ‘ಸೆಂಡ್ ಟು’ ಮ್ಯಾಪಿ ಅನ್ನೋ ಹಳೇ ದಾರಿಯಲ್ಲಿ ಹೋಗ್ತದೆ, ಅದರ ಡೀಫಾಲ್ಟ್ ಬೇರೆ. ಥಂಡರ್‌ಬರ್ಡ್‌ನ ಸೆಟ್ಟಿಂಗ್ಸ್, ಜನರಲ್‌ನಲ್ಲಿ ಕೆಳಗೆ ‘ಸಿಸ್ಟಮ್ ಇಂಟಿಗ್ರೇಶನ್’ ಇದೆ. ‘ಚೆಕ್ ನೌ’ ಒತ್ತಿ ಇಮೇಲ್‌ಗೆ ಟಿಕ್ ಇಟ್ಟು ‘ಸೆಟ್ ಆ್ಯಸ್ ಡೀಫಾಲ್ಟ್’ ಕೊಡಿ. ಅಷ್ಟಾದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಬಂದು ನೋಡಿ.

ಘಟ್ಟದಮನೆ (ಶಿರಸಿ)

ಬಂತು, ಫೈಲ್ ಸಮೇತ ಕಂಪೋಸ್ ವಿಂಡೋ ತೆರೀತು. ಮಿಂಟ್ ವಿಷಯಕ್ಕೆ ಬೇರೆ ಕೇಳ್ತೆ. ಡೆಸ್ಕ್‌ಟಾಪ್‌ಗೆ 4 ಜಿಬಿ ರ‍್ಯಾಮ್ ಅಷ್ಟೇ ಇಪ್ಪದು.

ಬನವಾಸಿಪೆಂಗ್ವಿನ್ (ಬನವಾಸಿ)

ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ, 4 ಜಿಬಿಗೆ ಹಗುರ.